ಗುರುತಿನ ಕಳವು ಮತ್ತು ನಮ್ಮ ಮನೆಯ ಕಾಗದಪತ್ರಗಳು

ಮನೆಗೆ ಕನ್ನ ಬಿದ್ದರೆ ಏನು ಹೋಯಿತೆಂಬುದು ಬೆಳಗಾಗುವಷ್ಟರಲ್ಲಿ ತಿಳಿದುಬಿಡುತ್ತದೆ. ಕಪಾಟು ತೆರೆದಿರುತ್ತದೆ, ಒಡವೆಯ ಡಬ್ಬಿ ಬರಿದಾಗಿರುತ್ತದೆ. ಗುರುತಿನ ಕಳವು ಹಾಗಲ್ಲ. ಇಲ್ಲಿ ಕಳ್ಳನು ಏನನ್ನೂ ಹೊತ್ತೊಯ್ಯುವುದಿಲ್ಲ. ಆಧಾರ್ ಕಾರ್ಡು ಪರ್ಸಿನಲ್ಲಿಯೇ ಇರುತ್ತದೆ, ಪ್ಯಾನ್ ಕಾರ್ಡು ಫೈಲಿನಲ್ಲಿಯೇ ಇರುತ್ತದೆ. ಅವುಗಳಲ್ಲಿರುವ ವಿವರಗಳನ್ನಷ್ಟೇ ಬಳಸಿಕೊಂಡು ಇನ್ನೊಬ್ಬನು ನಮ್ಮ ಹೆಸರಿನಲ್ಲಿ ಸಾಲ ಪಡೆಯುತ್ತಾನೆ, ಸಿಮ್ ಕೊಳ್ಳುತ್ತಾನೆ, ಬ್ಯಾಂಕಿನಲ್ಲಿ ಖಾತೆ ತೆರೆಯುತ್ತಾನೆ. ತಿಂಗಳುಗಳು ಉರುಳಿದ ಬಳಿಕ ಪಡೆಯದ ಸಾಲದ ವಸೂಲಿಗೆ ಯಾರೋ ಕರೆ ಮಾಡಿದಾಗ, ಗೃಹಸಾಲದ ಅರ್ಜಿ ಕಾರಣ ತಿಳಿಯದೆ ತಿರಸ್ಕೃತವಾದಾಗ, ಕಾಣದ ಆದಾಯಕ್ಕೆ ತೆರಿಗೆ ಇಲಾಖೆಯ ನೋಟೀಸು ಬಂದಾಗ ಮಾತ್ರ ವಿಷಯ ಬೆಳಕಿಗೆ ಬರುತ್ತದೆ. ಆಮೇಲೆ "ಅದು ನಾನಲ್ಲ" ಎಂದು ಸಾಧಿಸುವ ಹೊರೆಯೂ ನಮ್ಮ ಮೇಲೆಯೇ ಬೀಳುತ್ತದೆ.

ಒ.ಟಿ.ಪಿ. ಹೇಳಬೇಡಿ, ಅಪರಿಚಿತ ಕೊಂಡಿ ಒತ್ತಬೇಡಿ ಎಂಬ ಎಚ್ಚರಿಕೆಗಳನ್ನು ಬ್ಯಾಂಕುಗಳು ದಿನವೂ ಕಳುಹಿಸುತ್ತಿರುವುದರಿಂದ ಅವನ್ನು ಇಲ್ಲಿ ಮತ್ತೆ ವಿಸ್ತರಿಸಬೇಕಿಲ್ಲ. ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ಮುಖ ಇದಕ್ಕಿದೆ. ಯಾರೂ ಮೋಸದಿಂದ ಕಸಿದುಕೊಳ್ಳದ, ನಾವೇ ವಿಶ್ವಾಸದಿಂದ ವರ್ಷಾನುಗಟ್ಟಲೆ ಕೊಡುತ್ತ ಬಂದ ವಿವರಗಳು ಎಲ್ಲೆಲ್ಲಿ ಉಳಿದಿವೆ ಎಂಬುದು. ಹೊರರಾಜ್ಯದಿಂದ ಬಂದು ಮಹಾನಗರಗಳಲ್ಲಿ ನೆಲೆಯೂರಿದ ಕುಟುಂಬಗಳು ಈ ವಿಷಯದಲ್ಲಿ ಇತರರಿಗಿಂತ ಹೆಚ್ಚು ತೆರೆದುಕೊಂಡಿವೆ ಎಂದೇ ನನ್ನ ಅನಿಸಿಕೆ. ಪಡಿತರ ಚೀಟಿ, ಗ್ಯಾಸ್ ಸಂಪರ್ಕ, ಮಕ್ಕಳ ಶಾಲಾ ಪ್ರವೇಶ, ಬಾಡಿಗೆ ಕರಾರು, ಪಾಸ್‌ಪೋರ್ಟು, ಹೀಗೆ ಪ್ರತಿ ಹೆಜ್ಜೆಯಲ್ಲೂ ನಾವು ಯಾರು, ಎಲ್ಲಿಯವರು ಎಂಬುದಕ್ಕೆ ದಾಖಲೆ ಒದಗಿಸುತ್ತಲೇ ಬಂದವರು ನಾವು. ಆ ಜೆರಾಕ್ಸ್ ಪ್ರತಿಗಳು ದಲ್ಲಾಳಿಗಳ ಮೇಜಿನಲ್ಲಿಯೂ ಏಜೆಂಟರ ಮೊಬೈಲಿನಲ್ಲಿಯೂ ಇಂದಿಗೂ ಇರಬಹುದು.

ತುಣುಕುಗಳ ಜೋಡಣೆ

ಒಂದು ವಿವರ ಮಾತ್ರ ಸಿಕ್ಕರೆ ಕಳ್ಳನಿಗೆ ಹೆಚ್ಚಿನ ಪ್ರಯೋಜನವಿಲ್ಲ. ಹೆಸರು, ಜನ್ಮದಿನಾಂಕ, ಪ್ಯಾನ್, ವಿಳಾಸ, ಮೊಬೈಲ್ ಸಂಖ್ಯೆ ಇವು ಬೇರೆ ಬೇರೆ ಕಡೆಗಳಿಂದ ಒಟ್ಟುಗೂಡಿದಾಗಲೇ ಒಬ್ಬ ವ್ಯಕ್ತಿ ರೂಪುಗೊಳ್ಳುತ್ತಾನೆ. 2023ರ ಮಾರ್ಚ್‌ನಲ್ಲಿ ದೆಹಲಿ ಪೊಲೀಸರು ಭೇದಿಸಿದ ಪ್ರಕರಣವೊಂದು ಇದಕ್ಕೆ ಉತ್ತಮ ನಿದರ್ಶನ. ಕ್ರಿಕೆಟಿಗ ಮಹೇಂದ್ರ ಸಿಂಗ್ ಧೋನಿ, ನಟ ಅಭಿಷೇಕ್ ಬಚ್ಚನ್ ಮೊದಲಾದ ಖ್ಯಾತನಾಮರ ಹೆಸರಿನಲ್ಲಿ ಒಂದು ತಂಡ ಕ್ರೆಡಿಟ್ ಕಾರ್ಡುಗಳನ್ನು ಪಡೆದು ಇಪ್ಪತ್ತು ಲಕ್ಷ ರೂಪಾಯಿಗೂ ಮೀರಿದ ಖರೀದಿ ನಡೆಸಿತ್ತು. ಅವರು ಯಾವ ಗಣಕಯಂತ್ರಕ್ಕೂ ನುಗ್ಗಿರಲಿಲ್ಲ. ಜಿ.ಎಸ್.ಟಿ. ನೋಂದಣಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ. ಆ ನಂತರದ ಹತ್ತು ಅಕ್ಷರಗಳು ಆ ವ್ಯಕ್ತಿಯ ಪ್ಯಾನ್. ಈ ಸಂಖ್ಯೆಗಳು ಅಂತರಜಾಲದಲ್ಲಿ ಯಾರಿಗೂ ಸಿಗುವಂಥವು. ಜನ್ಮದಿನಾಂಕವಂತೂ ಅಭಿಮಾನಿಗಳಿಗೆಲ್ಲ ಗೊತ್ತು. ಇವೆರಡನ್ನೂ ಸೇರಿಸಿ, ತಮ್ಮದೇ ಭಾವಚಿತ್ರ ಅಂಟಿಸಿದ ನಕಲಿ ಕಾರ್ಡುಗಳನ್ನು ತಯಾರಿಸಿದ್ದರು.

ಧೋನಿಯವರ ಮುಖವನ್ನೇ ಗುರುತಿಸಲಾರದ ಪರಿಶೀಲನಾ ವ್ಯವಸ್ಥೆಯು ಪುಣೆಯ ಒಬ್ಬ ನಿವೃತ್ತ ಗುಮಾಸ್ತರ ಮುಖವನ್ನು ಗುರುತಿಸೀತೆ? ಪ್ಯಾನ್ ಎಂಬುದು ಗುಟ್ಟಿನ ಸಂಖ್ಯೆಯಲ್ಲ, ಗುಟ್ಟಾಗಿ ಉಳಿಯುವುದೂ ಸಾಧ್ಯವಿಲ್ಲ. ದೇಣಿಗೆಯ ರಸೀದಿಯಲ್ಲಿ, ಚಿನ್ನದಂಗಡಿಯ ಬಿಲ್ಲಿನಲ್ಲಿ, ಮನೆ ಮಾರಾಟದ ಕರಾರಿನಲ್ಲಿ ಅದು ಇರಲೇಬೇಕಾಗುತ್ತದೆ. ಆದ್ದರಿಂದ ಅದನ್ನು ಬಚ್ಚಿಡುವುದಕ್ಕಿಂತ, ಅದರ ಹೆಸರಿನಲ್ಲಿ ಏನು ನಡೆಯುತ್ತಿದೆ ಎಂಬುದರ ಮೇಲೆ ಕಣ್ಣಿಡುವುದು ಹೆಚ್ಚು ಫಲಕಾರಿ. ಅದರ ವಿಧಾನವನ್ನು ಮುಂದೆ ಹೇಳಲಾಗಿದೆ.

ಊರಿನ ಆಸ್ತಿಪತ್ರದಲ್ಲಿರುವ ಹೆಬ್ಬೆಟ್ಟು

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಊರಿನಲ್ಲಿ ಮನೆಯೋ ಗದ್ದೆಯೋ ತೋಟದ ಪಾಲೋ ಇದೆ. ಪಾಲುಪಟ್ಟಿ, ಕ್ರಯಪತ್ರ, ದಾನಪತ್ರ ಎಂದು ಒಮ್ಮೆಯಾದರೂ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗಿ ಬೆರಳೊತ್ತಿ ಬಂದವರೇ. ಆ ಪತ್ರಗಳಲ್ಲಿ ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸಗಳ ಜೊತೆಗೆ ಬೆರಳಚ್ಚೂ ಇರುತ್ತದೆ, ಇತ್ತೀಚಿನವುಗಳಲ್ಲಿ ಆಧಾರ್ ಸಂಖ್ಯೆಯೂ ಇರುವುದುಂಟು. ನೋಂದಾಯಿತ ಪತ್ರವು ಸಾರ್ವಜನಿಕ ದಾಖಲೆ. ಆಸ್ತಿ ಕೊಳ್ಳುವವರಿಗೆ ಅದು ನೋಡಲು ಸಿಗಬೇಕೆಂಬುದೇ ನೋಂದಣಿಯ ಉದ್ದೇಶ. ಕಾಗದದ ಕಾಲದಲ್ಲಿ ಇದರಿಂದ ಯಾವ ಕೇಡೂ ಇರಲಿಲ್ಲ.

ಕೇಡು ಹುಟ್ಟಿದ್ದು ಬೆರಳಚ್ಚೇ ಬೀಗದ ಕೈ ಆದಾಗ. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದುದು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು. ಚೆಕ್ಕು ಬೇಡ, ಕಾರ್ಡು ಬೇಡ, ಒ.ಟಿ.ಪಿ. ಕೂಡ ಬೇಡ. ಬ್ಯಾಂಕಿನ ಶಾಖೆಯಿಲ್ಲದ ಹಳ್ಳಿಗಳಲ್ಲಿ ಓದುಬರಹ ಬಾರದ ವೃದ್ಧರೂ ಪಿಂಚಣಿಯನ್ನು ಸುಲಭವಾಗಿ ಪಡೆಯಲೆಂದು ರೂಪಿಸಿದ ಈ ಏರ್ಪಾಡು ಲಕ್ಷಾಂತರ ಜನರಿಗೆ ನೆರವಾಗಿದೆ ಎಂಬುದನ್ನು ಮರೆಯಬಾರದು. ಆದರೆ ಪಾಸ್‌ವರ್ಡು ಸೋರಿದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸಲಾದೀತೆ?

2018ರಲ್ಲಿ ತೆಲಂಗಾಣದಲ್ಲಿ ಒಬ್ಬನು ಭೂನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತುಗಳನ್ನು ಅಂತರಜಾಲದಿಂದ ಇಳಿಸಿಕೊಂಡು, ರಬ್ಬರಿನಲ್ಲಿ ಅಚ್ಚು ಮಾಡಿ, ಸಾವಿರಾರು ಸಿಮ್ ಕಾರ್ಡುಗಳನ್ನು ಚಾಲನೆಗೊಳಿಸಿದ್ದನ್ನು ಪೊಲೀಸರು ಪತ್ತೆಹಚ್ಚಿದರು. ಐದು ವರ್ಷಗಳ ನಂತರ, 2023ರಲ್ಲಿ, ಕರ್ನಾಟಕದ ಸರದಿ ಬಂತು. ಆಸ್ತಿ ನೋಂದಣಿ ಮಾಡಿಸಿಕೊಂಡ ಕೆಲವರ ಖಾತೆಗಳಿಂದ ಅವರಿಗೆ ತಿಳಿಯದಂತೆ ಆಧಾರ್ ಮೂಲಕ ಹಣ ಹೋಗತೊಡಗಿತು. ನೋಂದಣಿ ಇಲಾಖೆಯ 'ಕಾವೇರಿ' ಜಾಲತಾಣದಲ್ಲಿ ದೊರೆಯುತ್ತಿದ್ದ ಪತ್ರಗಳ ಪ್ರತಿಗಳಿಂದಲೇ ಬೆರಳಚ್ಚು ಸೋರಿದ್ದು ತನಿಖೆಯಲ್ಲಿ ಕಂಡುಬಂದು, ಅಂತರಜಾಲದಲ್ಲಿ ತೋರುವ ಪ್ರತಿಗಳಲ್ಲಿ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಮರೆಮಾಚುವ ಕ್ರಮವನ್ನು ಸರ್ಕಾರ ಕೈಗೊಂಡಿತು. ರಬ್ಬರಿನ ಅಚ್ಚಿಗೂ ಜೀವಂತ ಬೆರಳಿಗೂ ಇರುವ ವ್ಯತ್ಯಾಸ ಗುರುತಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರವೂ ಅದೇ ವರ್ಷ ಅಳವಡಿಸಿತು. ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ಅದಕ್ಕೆ ಮೊದಲೇ ಹೊರಬಿದ್ದಿರುವ, ಪತ್ರಬರಹಗಾರರು, ದಲ್ಲಾಳಿಗಳು, ವಕೀಲರು, ದಾಯಾದಿಗಳು ಎಲ್ಲರ ಬಳಿಯೂ ಇರುವ ಪ್ರತಿಗಳನ್ನು ಯಾರೂ ಹಿಂದಕ್ಕೆ ಕರೆಯಲಾರರು.

ಆದುದರಿಂದ ಊರಿನಲ್ಲಿ ನೋಂದಣಿಗೆ ಬೆರಳೊತ್ತಿದ ಪ್ರತಿಯೊಬ್ಬರೂ ತಮ್ಮ ಬೆರಳಚ್ಚಿಗೆ ಬೀಗ ಹಾಕಿಕೊಳ್ಳುವುದು ಅವಶ್ಯ. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಅದರ ಮೊಬೈಲ್ ಆಪ್‌ನಲ್ಲಿ ಈ ಸೌಲಭ್ಯ ಉಚಿತವಾಗಿ ದೊರೆಯುತ್ತದೆ. ಬೀಗ ಹಾಕಿದ ಮೇಲೆ ಯಾವ ಯಂತ್ರದ ಮೇಲೆ ಯಾರ ಅಚ್ಚು ಒತ್ತಿದರೂ ದೃಢೀಕರಣ ನಡೆಯುವುದಿಲ್ಲ. ನಮಗೇ ಬೇಕಾದಾಗ ಸ್ವಲ್ಪ ಹೊತ್ತು ತೆರೆದುಕೊಳ್ಳಬಹುದು. ಪಿಂಚಣಿದಾರರು ನವೆಂಬರ್ ತಿಂಗಳಲ್ಲಿ 'ಜೀವನ್ ಪ್ರಮಾಣ್' ಸಲ್ಲಿಸಲು ಹೋಗುವ ಮುನ್ನ ಬೀಗ ತೆರೆಯಲು ಮರೆತರೆ, ಬದುಕಿದ್ದೂ ಬದುಕಿಲ್ಲವೆಂಬ ಫಜೀತಿಗೆ ಸಿಲುಕಿಯಾರು!

ಇದಕ್ಕೆಲ್ಲ ಆಧಾರ್‌ನೊಂದಿಗೆ ನೋಂದಾಯಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿರಬೇಕು. ಹಿರಿಯರ ಆಧಾರ್‌ಗೆ ಎಂದೋ ಬಿಟ್ಟ ಸಂಖ್ಯೆಯೋ, ಬೇರೆಲ್ಲೋ ಇರುವ ಮಗನ ಸಂಖ್ಯೆಯೋ ಜೋಡಣೆಯಾಗಿರುವುದು ಸಾಮಾನ್ಯ. ಆಧಾರ್ ಸೇವಾ ಕೇಂದ್ರಕ್ಕೆ ಕರೆದೊಯ್ದು ಅದನ್ನು ಮೊದಲು ಸರಿಪಡಿಸಬೇಕು. ಆಧಾರ್ ಸಂಬಂಧವಾದ ವಿಚಾರಣೆಗೆ 1947 ಸಂಖ್ಯೆಗೆ ಕರೆ ಮಾಡಬಹುದು.

ಜೆರಾಕ್ಸ್ ಪ್ರತಿ ಕೊಡುವಾಗ

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರ್‌ನ ಜೆರಾಕ್ಸ್ ಪ್ರತಿಯನ್ನು ಎಲ್ಲೆಂದರಲ್ಲಿ ಕೊಡಬಾರದೆಂದು ಎಚ್ಚರಿಸುವ ಪ್ರಕಟಣೆ ಹೊರಡಿಸಿತು. ಜನರಲ್ಲಿ ಗೊಂದಲ ಉಂಟಾಗಿ, ತಪ್ಪರ್ಥಕ್ಕೆ ಎಡೆಯಾಗುತ್ತದೆಂಬ ಕಾರಣ ನೀಡಿ ಎರಡೇ ದಿನಗಳಲ್ಲಿ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಪ್ರಕಟಣೆ ಹಿಂದಕ್ಕೆ ಹೋದರೂ ಅದರಲ್ಲಿದ್ದ ಸಲಹೆ ಸರಿಯಾಗಿಯೇ ಇತ್ತು. ಆಧಾರ್‌ನ ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕನ್ನು ಮಾತ್ರ ತೋರಿಸಿ ಉಳಿದುದನ್ನು ಮರೆಮಾಚಿದ ಪ್ರತಿಯನ್ನು ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಹೋಟೆಲಿನ ಕೊಠಡಿಗಾಗಲಿ ಸೊಸೈಟಿಯ ಕಚೇರಿಗಾಗಲಿ ಅದು ಸಾಕು. ಸಂಖ್ಯೆಯೇ ಬೇಕೆನ್ನುವ ಕಡೆ 2018ರಿಂದ ಲಭ್ಯವಿರುವ ಹದಿನಾರು ಅಂಕಿಗಳ ತಾತ್ಕಾಲಿಕ ಸಂಖ್ಯೆಯನ್ನು ಬಳಸಬಹುದು.

ಪೂರ್ಣ ಪ್ರತಿ ಕೊಡುವುದು ಅನಿವಾರ್ಯವಾದರೆ, ಯಾರಿಗೆ, ಯಾವ ಕೆಲಸಕ್ಕೆ, ಯಾವ ದಿನ ಕೊಟ್ಟಿದ್ದು ಎಂಬುದನ್ನು ಭಾವಚಿತ್ರದ ಅಂಚನ್ನು ದಾಟಿ ಅಡ್ಡಲಾಗಿ ಬರೆದು ಸಹಿ ಹಾಕುವುದು ಹಳೆಯ ಕಾಲದ ಗುಮಾಸ್ತರ ಪದ್ಧತಿ. ಇಂದಿಗೂ ಇದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ. ಜೆರಾಕ್ಸ್ ಅಂಗಡಿಯ ವಾಟ್ಸಾಪ್ ಸಂಖ್ಯೆಗೆ ಕಾರ್ಡಿನ ಚಿತ್ರ ಕಳುಹಿಸಿ ಮುದ್ರಿಸಿಕೊಳ್ಳುವ ರೂಢಿಯಂತೂ ಈಗಲೇ ನಿಲ್ಲಬೇಕು.

ಮೊಬೈಲ್ ಸಂಖ್ಯೆ ಎಂಬ ಬಾಗಿಲು

ಬ್ಯಾಂಕು, ಆಧಾರ್, ತೆರಿಗೆ ಇವೆಲ್ಲವೂ ಒಬ್ಬನನ್ನು ಗುರುತಿಸುವುದು ಮೊಬೈಲಿಗೆ ಬರುವ ಒ.ಟಿ.ಪಿ.ಯಿಂದ. ಆದುದರಿಂದ ವಂಚಕನು ನಕಲಿ ದಾಖಲೆ ಕೊಟ್ಟು ನಮ್ಮ ಸಂಖ್ಯೆಗೆ ಹೊಸ ಸಿಮ್ ಪಡೆದರೆ ಎಲ್ಲ ಬಾಗಿಲುಗಳೂ ಒಮ್ಮೆಗೇ ತೆರೆಯುತ್ತವೆ. ನಮ್ಮ ಫೋನಿನಲ್ಲಿ ನೆಟ್‌ವರ್ಕು ಏಕಾಏಕಿ ಹೋಗಿ ಬಹಳ ಹೊತ್ತು ಬಾರದಿರುವುದೇ ಇದರ ಮೊದಲ ಲಕ್ಷಣ. ಮಳೆಗಾಲವೆಂದು ಸುಮ್ಮನಿರದೆ ಇನ್ನೊಂದು ಫೋನಿನಿಂದ ಮೊಬೈಲ್ ಕಂಪನಿಯನ್ನು ವಿಚಾರಿಸಬೇಕು. ಸಿಮ್ ಬದಲಾದ ಏಳು ದಿನಗಳವರೆಗೆ ಆ ಸಂಖ್ಯೆಯನ್ನು ಬೇರೆ ಕಂಪನಿಗೆ ವರ್ಗಾಯಿಸದಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರ ಜುಲೈ 1ರಿಂದ ತಡೆಯೊಡ್ಡಿದೆ.

ನಿವೃತ್ತಿಯ ಬಳಿಕ ಊರಿಗೆ ಮರಳುವವರು ಇಲ್ಲೊಂದು ಅಂಶವನ್ನು ಗಮನಿಸಬೇಕು. ಮುಂಬಯಿಯ ಹಳೆಯ ಸಂಖ್ಯೆಯನ್ನು ರೀಚಾರ್ಜ್ ಮಾಡದೆ ಬಿಟ್ಟರೆ ಅದು ಕಡಿತಗೊಂಡು, ಕನಿಷ್ಠ 90 ದಿನಗಳ ಬಳಿಕ ಬೇರೊಬ್ಬರಿಗೆ ಹಂಚಿಕೆಯಾಗಬಹುದು. ಬ್ಯಾಂಕಿನ ದಾಖಲೆಯಲ್ಲಿ ಹಳೆಯ ಸಂಖ್ಯೆಯೇ ಉಳಿದಿದ್ದರೆ ನಮ್ಮ ಒ.ಟಿ.ಪಿ. ಅವರ ಫೋನಿಗೆ ಹೋಗುತ್ತದೆ. ಸಂಖ್ಯೆ ಬಿಡುವ ಮೊದಲು ಬ್ಯಾಂಕು, ಆಧಾರ್, ಪಾಲಿಸಿ, ಮ್ಯೂಚುವಲ್ ಫಂಡ್ ಎಲ್ಲ ಕಡೆಯೂ ಹೊಸ ಸಂಖ್ಯೆ ನೀಡಬೇಕು.

ನಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ 'ಸಂಚಾರ್ ಸಾಥಿ' ಜಾಲತಾಣದಲ್ಲಿ ನೋಡಬಹುದು. ನಮ್ಮದಲ್ಲದ ಸಂಖ್ಯೆ ಅಲ್ಲಿ ಕಂಡರೆ, ಅದು ನನ್ನದಲ್ಲ ಎಂದು ಅಲ್ಲಿಯೇ ತಿಳಿಸಿ ಕಡಿತಗೊಳಿಸಲು ಕೋರಬಹುದು. ಮನೆಯ ಒಬ್ಬರೇ ಎಲ್ಲರಿಗೂ ಸಿಮ್ ಕೊಡಿಸಿರುವ ಕುಟುಂಬಗಳಲ್ಲಿ ಪಟ್ಟಿ ಉದ್ದವಾಗಿಯೇ ಇರುತ್ತದೆ. ಗಾಬರಿಯಾಗುವ ಮೊದಲು ಅತ್ತೆಯವರದ್ದು ಯಾವುದು, ಮನೆಗೆಲಸದಾಕೆಗೆ ತೆಗೆಸಿಕೊಟ್ಟದ್ದು ಯಾವುದು ಎಂದು ನೆನಪಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಸಂಘಗಳೂ ಹೊರತಲ್ಲ

ಹೇಳಲು ಸ್ವಲ್ಪ ಮುಜುಗರವಾದರೂ ಹೇಳಲೇಬೇಕಾದ ಮಾತಿದೆ. ಸಂಘಗಳು ಹೊರತರುವ ಸದಸ್ಯರ ಸೂಚಿಗಳಲ್ಲಿ ಹೆಸರು, ಪತ್ನಿಯ ಹೆಸರು, ಮಕ್ಕಳ ವಯಸ್ಸು, ಊರು, ವಿಳಾಸ, ದೂರವಾಣಿ, ಜನ್ಮದಿನ, ರಕ್ತದ ಗುಂಪು ಎಲ್ಲವೂ ಒಂದೇ ಪುಟದಲ್ಲಿರುತ್ತವೆ. ಪರಸ್ಪರ ಪರಿಚಯಕ್ಕೂ ಕಷ್ಟಕಾಲದ ನೆರವಿಗೂ ಒದಗಿದ ಪುಸ್ತಕಗಳು ಅವು. ಕಪಾಟಿನಲ್ಲಿ ಮುದ್ರಿತ ರೂಪದಲ್ಲಿ ಇದ್ದಾಗ ಅದು ನೂರಾರು ಮನೆಗಳ ವಿಶ್ವಾಸ, ಪಿ.ಡಿ.ಎಫ್. ಆಗಿ ವಾಟ್ಸಾಪಿನಲ್ಲಿ ಹರಿದಾಡತೊಡಗಿದರೆ ಅದೇ ವಂಚಕನ ಕೈಪಿಡಿ. ವಧೂವರರ ವಿವರಪತ್ರದಲ್ಲಿ ಜನ್ಮದಿನಾಂಕ, ಜನ್ಮಸ್ಥಳ, ತಾಯಿಯ ಹೆಸರು, ತಾಯಿಯ ತವರು, ಸಂಬಳ ಎಲ್ಲವೂ ಇರುತ್ತವೆ. ಗ್ರಾಹಕನನ್ನು ಖಚಿತಪಡಿಸಿಕೊಳ್ಳಲು ಬ್ಯಾಂಕಿನವರು ಫೋನಿನಲ್ಲಿ ಕೇಳುವ ಪ್ರಶ್ನೆಗಳೂ ಇವೇ ಎಂಬುದನ್ನು ನೆನೆಯಬೇಕು. ತೀರ್ಥಯಾತ್ರೆಗೆ ಹೊರಟ ನಲವತ್ತು ಮಂದಿಯ ಆಧಾರ್ ಚಿತ್ರಗಳು ಒಂದೇ ಗುಂಪಿನಲ್ಲಿ ಸಾಲಾಗಿ ಬಂದು ಬೀಳುವುದನ್ನು ನೋಡದವರಾರು? ಹೆಸರು, ವಯಸ್ಸು ಸಾಕಾಗುವಲ್ಲಿ ಕಾರ್ಡಿನ ಚಿತ್ರ ಏಕೆ?

ವಿದ್ಯಾರ್ಥಿವೇತನದ ಅರ್ಜಿಗಳು ಇನ್ನೂ ಸೂಕ್ಷ್ಮ. ಬಡ ಮಕ್ಕಳ ಆಧಾರ್, ಅಂಕಪಟ್ಟಿ, ಪಾಸ್‌ಬುಕ್ಕಿನ ಮೊದಲ ಪುಟ, ಆದಾಯ ಪ್ರಮಾಣಪತ್ರಗಳ ಕಟ್ಟು ವರ್ಷದ ಕೊನೆಗೆ ರದ್ದಿಯವನ ತಕ್ಕಡಿ ಸೇರುವಂತಾಗಬಾರದು. ಆಯ್ಕೆ ಮುಗಿದ ಮೇಲೆ, ಲೆಕ್ಕಪರಿಶೋಧನೆಗೆ ಬೇಕಾದುದನ್ನು ಬೀಗದೊಳಗಿಟ್ಟು ಉಳಿದುದನ್ನು ಹರಿದುಹಾಕುವ ಹೊಣೆಯನ್ನು ಸಮಿತಿಯ ಒಬ್ಬರಿಗೆ ವಹಿಸಬೇಕು.

ಇದು ಸೌಜನ್ಯದ ಮಾತಷ್ಟೇ ಅಲ್ಲ, ಕಾನೂನಿನ ಮಾತೂ ಹೌದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ರ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅದರ ಬೆನ್ನಿಗೇ ರೂಪುಗೊಂಡ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 2023ರ ಆಗಸ್ಟ್‌ನಲ್ಲಿ ಅಂಗೀಕಾರ ಪಡೆದು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟಗೊಂಡವು. ವಿವರ ಸಂಗ್ರಹಿಸುವವರ ಪ್ರಮುಖ ಹೊಣೆಗಾರಿಕೆಗಳಿಗೆ ಆ ನಿಯಮಗಳು 18 ತಿಂಗಳ ಕಾಲಾವಕಾಶ ನೀಡಿವೆ. ಗಣಕದಲ್ಲಿ ಸದಸ್ಯರ ವಿವರ ಇಟ್ಟುಕೊಳ್ಳುವ ಸಂಸ್ಥೆಗಳು ಯಾವ ಉದ್ದೇಶಕ್ಕೆ ಕೇಳುತ್ತಿದ್ದೇವೆಂದು ತಿಳಿಸುವುದು, ಒಪ್ಪಿಗೆ ಪಡೆಯುವುದು, ಉದ್ದೇಶ ತೀರಿದ ಮೇಲೆ ಅಳಿಸುವುದು ಈ ಕಾಯಿದೆಯ ತಿರುಳು. ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳು ಮುಂದಿನ ಸಭೆಯಲ್ಲಿಯೇ ಇದನ್ನು ಕಾರ್ಯಸೂಚಿಗೆ ತರುವುದು ಉಚಿತ.

ವರ್ಷಕ್ಕೊಮ್ಮೆ ನೋಡಬೇಕಾದವು

ನಮ್ಮ ಪ್ಯಾನ್ ಮೇಲೆ ಯಾರು ಸಾಲ ಪಡೆದಿದ್ದಾರೆಂದು ತಿಳಿಯಲು ಇರುವ ಕನ್ನಡಿ ಕ್ರೆಡಿಟ್ ವರದಿ. ದೇಶದಲ್ಲಿ ಇಂಥ ವರದಿ ನೀಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್ ಮತ್ತು ಕ್ರಿಫ್ ಹೈ ಮಾರ್ಕ್. ರಿಸರ್ವ್ ಬ್ಯಾಂಕಿನ 2016ರ ಆದೇಶದಂತೆ ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಮೂರು ತಿಂಗಳಿಗೊಂದು ಸಂಸ್ಥೆಯಂತೆ ಸರದಿಯಲ್ಲಿ ತರಿಸಿಕೊಂಡರೆ ವರ್ಷವಿಡೀ ಕಾವಲಿಟ್ಟಂತಾಗುತ್ತದೆ, ಕಾಸೂ ಖರ್ಚಿಲ್ಲ. ವರದಿಯಲ್ಲಿ ಅಂಕವನ್ನಷ್ಟೇ ನೋಡದೆ, ನಾವು ಅರಿಯದ ಖಾತೆ, ಅರಿಯದ ವಿಳಾಸ, ಅರಿಯದ ವಿಚಾರಣೆಗಳಿವೆಯೇ ಎಂದು ನೋಡಬೇಕು. ತಪ್ಪಿದ್ದರೆ ದೂರು ನೀಡಬಹುದು. 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ನಿಯಮವೂ 2024ರ ಏಪ್ರಿಲ್‌ನಿಂದ ಜಾರಿಗೆ ಬಂದಿದೆ.

ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ದೊರೆಯುವ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ನಮ್ಮ ಪ್ಯಾನ್‌ಗೆ ಸೇರಿದ ಬಡ್ಡಿ, ಷೇರು, ಆಸ್ತಿ ವ್ಯವಹಾರಗಳು ಕಾಣಸಿಗುತ್ತವೆ. ಆಧಾರ್ ಜಾಲತಾಣದಲ್ಲಿ ಕಳೆದ ಆರು ತಿಂಗಳಲ್ಲಿ ಎಲ್ಲೆಲ್ಲಿ ದೃಢೀಕರಣ ನಡೆದಿದೆ ಎಂಬ ಪಟ್ಟಿಯಿದೆ.

ಕಳವಾಗಿದೆ ಎಂದು ತಿಳಿದೊಡನೆ

ಹಣ ಹೋಗಿದ್ದರೆ ಮೊದಲು 1930 ಸಂಖ್ಯೆಗೆ ಕರೆ, ಕೂಡಲೇ ಬ್ಯಾಂಕಿಗೆ ದೂರು, ಬಳಿಕ ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಲಿಖಿತ ದೂರು. ಬಂಧುಗಳೊಡನೆ ಚರ್ಚಿಸುವುದು ಆಮೇಲೆ. ವಂಚಕನ ಖಾತೆಯಿಂದ ಹಣ ಮುಂದಕ್ಕೆ ಸಾಗುವ ಮೊದಲೇ ತಡೆಹಿಡಿಯುವುದು 1930ರ ಉದ್ದೇಶವಾದುದರಿಂದ ಇಲ್ಲಿ ಗಳಿಗೆ ಗಳಿಗೆಯೂ ಮುಖ್ಯ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ವಿಧಿಸಿದ ನಿಯಮದಂತೆ, ಗ್ರಾಹಕನ ತಪ್ಪಿಲ್ಲದೆ ಹೊರಗಿನವರಿಂದ ನಡೆದ ವಂಚನೆಯನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಯಾವ ನಷ್ಟವೂ ತಟ್ಟಬಾರದು. ನಾಲ್ಕರಿಂದ ಏಳು ದಿನಗಳಾದರೆ ಹೊಣೆ ಒಂದು ಮಿತಿಯೊಳಗೆ. ಅದಕ್ಕೂ ತಡವಾದರೆ ಬ್ಯಾಂಕಿನ ಧೋರಣೆಯಂತೆ. ಗುಟ್ಟಿನ ಸಂಖ್ಯೆಯನ್ನು ತಾನೇ ಹೇಳಿಕೊಟ್ಟವರಿಗೆ, ದೂರು ನೀಡುವವರೆಗಿನ ನಷ್ಟಕ್ಕೆ ಈ ರಕ್ಷಣೆ ಇಲ್ಲ. ದೂರಿನ ಸಂಖ್ಯೆ, ದಿನಾಂಕ, ವೇಳೆಗಳನ್ನು ಬರೆದಿಟ್ಟುಕೊಳ್ಳಬೇಕು.

ಇನ್ನೊಬ್ಬರ ಪಾಸ್‌ವರ್ಡು, ವಿದ್ಯುನ್ಮಾನ ಸಹಿ ಅಥವಾ ಗುರುತಿನ ಲಕ್ಷಣವನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಸಿ ಕಲಮಿನ ಮೇರೆಗೆ ಅಪರಾಧ. ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿಯವರೆಗೆ ದಂಡ. 2008ರ ತಿದ್ದುಪಡಿಯಿಂದ ಸೇರಿದ ಈ ಕಲಮು 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ಖಾತೆ ಕುಂದಾಪುರದಲ್ಲಿ, ವಾಸ ಡೊಂಬಿವಲಿಯಲ್ಲಿ, ಹಣ ತೆಗೆದದ್ದು ಇನ್ನೆಲ್ಲೋ ಎಂದಾಗ ಯಾವ ಠಾಣೆಗೆ ಹೋಗುವುದೆಂಬ ತೊಡಕು ನಮ್ಮವರಿಗೆ ಸಹಜ. ಅಪರಾಧ ಎಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದೂರು ದಾಖಲಿಸಲು 2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಅವಕಾಶ ನೀಡುತ್ತದೆ. "ನಿಮ್ಮೂರಿಗೇ ಹೋಗಿ" ಎಂದು ಕಳುಹಿಸಿದರೆ ಆ ಕಲಮನ್ನು ವಿನಯದಿಂದ ನೆನಪಿಸಬಹುದು.

ಗತಿಸಿದವರ ಹೆಸರು

ತೀರಿಕೊಂಡ ಹಿರಿಯರ ಆಧಾರ್, ಪ್ಯಾನ್, ಮೊಬೈಲ್ ಸಂಖ್ಯೆಗಳು ತಾವಾಗಿ ಮುಗಿಯುವುದಿಲ್ಲ. ಶ್ರದ್ಧಾಂಜಲಿ ಪ್ರಕಟಣೆಗಳಲ್ಲಿ ಅವರ ಜನ್ಮದಿನಾಂಕ, ವಿಳಾಸ, ವಾರಸುದಾರರ ಹೆಸರುಗಳು ಅಚ್ಚಾಗುತ್ತವೆ. ಪ್ರಶ್ನಿಸಲು ಇನ್ನಿಲ್ಲದ ವ್ಯಕ್ತಿಯ ಹೆಸರಿನಲ್ಲಿ ನಡೆಯುವ ವಂಚನೆ ಪತ್ತೆಯಾಗುವುದೇ ಕಷ್ಟ. ಕುಟುಂಬದ ಸದಸ್ಯರ ಮರಣವನ್ನು ತಿಳಿಸಿ ಅವರ ಆಧಾರ್ ನಿಷ್ಕ್ರಿಯಗೊಳಿಸುವ ಸೌಲಭ್ಯವನ್ನು ಪ್ರಾಧಿಕಾರ 2025ರ ಜೂನ್‌ನಲ್ಲಿ ಹಲವು ರಾಜ್ಯಗಳಿಗಾಗಿ ತನ್ನ ಜಾಲತಾಣದಲ್ಲಿ ತೆರೆದಿದೆ. ಬ್ಯಾಂಕು, ವಿಮೆ, ಪಿಂಚಣಿಗಳ ವ್ಯವಹಾರ ಮುಗಿದು, ಕೊನೆಯ ತೆರಿಗೆ ವಿವರ ಸಲ್ಲಿಕೆಯಾದ ಮೇಲೆ ಪ್ಯಾನನ್ನು ಇಲಾಖೆಗೆ ಒಪ್ಪಿಸಬೇಕು. ಅವರ ಮೊಬೈಲ್ ಸಂಖ್ಯೆಯನ್ನು ಎಲ್ಲಕ್ಕಿಂತ ಕೊನೆಗೆ ಬಿಡಬೇಕು, ಏಕೆಂದರೆ ಇವೆಲ್ಲ ಕೆಲಸಗಳ ಒ.ಟಿ.ಪಿ. ಬರುವುದು ಆ ಸಂಖ್ಯೆಗೇ.